ಜಂಗುಳಿ ಹುಟ್ಟುವುದು ರಸ್ತೆಯ ಅಂಚಿನಲ್ಲಿ

ಬೀದರ್‌ನ ಚೌಬಾರಾ ಸುತ್ತ ಸಂಜೆ ಹೊತ್ತು ರಸ್ತೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಒಮ್ಮೆ ನಿಂತು ನೋಡಬೇಕು. ಮೊದಲು ಒಂದು ಆಟೊ ಸವಾರಿ ಇಳಿಸಲು ಅಂಚಿಗೆ ಬರುತ್ತದೆ. ಅಂಚಿನಲ್ಲಿ ಜಾಗವೆಲ್ಲಿದೆ? ಅಂಗಡಿ ಮುಂದೆ ಗಾಡಿಗಳು ಎರಡು ಸಾಲು ನಿಂತಿವೆ, ಅದರಾಚೆ ಹಣ್ಣಿನ ಬಂಡಿ. ಹಾಗಾಗಿ ಆಟೊ ನಡುರಸ್ತೆಯಲ್ಲೇ ನಿಲ್ಲುತ್ತದೆ. ಹಿಂದಿದ್ದ ಕಾರು ಬಲಕ್ಕೆ ಹೊರಳುತ್ತದೆ, ಎದುರಿನಿಂದ ಬಂದ ಟಂಟಂ ಅದಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಇಬ್ಬರ ನಡುವಿನ ಸಂದಿಗೆ ಬೈಕುಗಳು ನುಗ್ಗುತ್ತವೆ. ಇಳಿದ ಸವಾರಿ ಅಂಗಡಿ ಸೇರಿ ವ್ಯಾಪಾರ ಮುಗಿಸಿದರೂ ಅವನನ್ನು ಇಳಿಸಿದ ಆಟೊ ಅಲ್ಲೇ ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ.

ಆ ಹೊತ್ತಿಗೆ ಅಲ್ಲಿ ಓಡುತ್ತಿದ್ದ ವಾಹನಗಳನ್ನು ಎಣಿಸಿದರೆ ಲೆಕ್ಕ ದೊಡ್ಡದೇನೂ ಆಗುವುದಿಲ್ಲ. ರಸ್ತೆಯನ್ನು ನುಂಗಿದ್ದು ನಿಂತ ವಾಹನಗಳು. ಊರು ಬೆಳೆಯಿತು, ಗಾಡಿ ಹೆಚ್ಚಾದವು, ರಸ್ತೆ ಸಾಲುತ್ತಿಲ್ಲ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಬಹುತೇಕ ಸಣ್ಣ ನಗರಗಳಲ್ಲಿ ಜಂಗುಳಿ ಹುಟ್ಟುವುದು ಅಂಚಿನಲ್ಲಿ, ನಡುರಸ್ತೆಗೆ ಅದು ಆಮೇಲೆ ಹಬ್ಬುತ್ತದೆ. ಸೈಕಲ್ ಪಥ ಬೇಕೇ ಬೇಡವೇ ಎಂಬ ಚರ್ಚೆಯೂ ಕಡೆಗೆ ಬಂದು ನಿಲ್ಲುವುದು ಇಲ್ಲೇ: ರಸ್ತೆಯ ಆ ಎರಡು ಮೀಟರ್ ಅಂಚು ಯಾರದು?

ಬಹಮನಿ ಅಳತೆಯ ಬೀದಿ

15ನೇ ಶತಮಾನದಲ್ಲಿ ಬಹಮನಿ ಅರಸ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ. ಕೋಟೆಗೆ ಅಂಟಿಕೊಂಡು ಊರು, ಊರ ಸುತ್ತ ಗೋಡೆ, ಗೋಡೆಗೆ ಶಹಾಗಂಜ್, ಫತೇ, ಮಂಗಲಪೇಟ್, ದುಲ್ಹನ್ ಮುಂತಾದ ದರ್ವಾಜಾಗಳು. ನಾಲ್ಕು ಬೀದಿ ಕೂಡುವಲ್ಲಿ ಕಾವಲಿಗೆಂದು ಎತ್ತಿದ ಗೋಪುರ ಚೌಬಾರಾ. ಅಲ್ಲಿಂದ ಕೋಟೆಗೆ ಹೋಗುವ ದಾರಿಯಲ್ಲಿ 1472ರ ಮಹಮೂದ್ ಗವಾನ್ ಮದರಸಾ. ಈ ಬೀದಿಗಳನ್ನು ಅಳೆದದ್ದು ನಡೆಯುವ ಮನುಷ್ಯ, ಕುದುರೆ, ಎತ್ತಿನ ಬಂಡಿಗಳ ಲೆಕ್ಕದಲ್ಲಿ. ಆ ಅಳತೆಗೆ ಸೈಕಲ್ ಸಲೀಸಾಗಿ ಹೊಂದುತ್ತದೆ, ಗಾಡಿ ಹೇಗೋ ಹೊಂದಿಕೊಳ್ಳುತ್ತದೆ, ಕಾರು ಹೊಂದುವುದಿಲ್ಲ.

ಅಗಲ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಅಷ್ಟು ಸುಲಭವಿಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು ಎಂದು 2010ರಲ್ಲಿ ತಿದ್ದುಪಡಿಯಾದ ಪುರಾತತ್ವ ಕಾಯ್ದೆ ಹೇಳುತ್ತದೆ. ಕೋಟೆ, ಮದರಸಾ ಇರುವ ಹಳೆಯ ಬೀದರ್‌ನಲ್ಲಿ ಬುಲ್ಡೋಜರ್ ನಂಬಿ ಸಂಚಾರ ಯೋಜನೆ ಮಾಡಲಾಗದು, ಮಾಡಬಾರದು ಕೂಡ. ಊರಿಗೆ ಹೆಸರು ತಂದದ್ದೇ ಈ ಕಲ್ಲುಗಳು.

ಹಾಗೆಂದು ಗೋಡೆಯೊಳಗಿನ ಊರಿಗೆ ಸೈಕಲ್ ಪಥ ಎಂಬ ಪ್ರತ್ಯೇಕ ಪಟ್ಟಿಯೂ ಬೇಕಿಲ್ಲ. ಬೀದಿ ಇಕ್ಕಟ್ಟಾಗಿದ್ದಲ್ಲಿ ವಾಹನದ ವೇಗ ತಗ್ಗಿಸಿದರೆ ಸೈಕಲ್, ಗಾಡಿ, ಆಟೊ, ನಡೆಯುವವರು ಎಲ್ಲರೂ ಒಂದೇ ಬೀದಿಯಲ್ಲಿ ಸಾಗಬಹುದು. ತಾಸಿಗೆ 20 ಕಿಲೋಮೀಟರಿನ ಮಿತಿ, ಕಾರುಗಳಿಗೆ ಕೆಲವು ಬೀದಿಗಳಲ್ಲಿ ಏಕಮುಖ ಸಂಚಾರ, ಸರಕು ಇಳಿಸಲು ಬೆಳಗಿನ ಹೊತ್ತು, ಆಟೊ ನಿಲ್ಲಲು ಗುರುತು ಹಾಕಿದ ಜಾಗ: ಹಳೆಯ ಊರಿಗೆ ಇಷ್ಟು ಸಾಕು. ಪಥ ಬೇಕಾದದ್ದು ವಾಹನಗಳು ವೇಗವಾಗಿ ಓಡುವ ಹೊಸ ರಸ್ತೆಗಳಿಗೆ.

ಸೈಕಲ್ ತುಳಿಯುವವರು ಯಾರು?

ಒಂದು ಕಾಲಕ್ಕೆ ಮದುವೆ ಮಾತುಕತೆಯಲ್ಲಿ ವರನಿಗೆ ಸೈಕಲ್, ವಾಚು, ರೇಡಿಯೊ ಕೊಡುವ ಮಾತು ಬರುತ್ತಿತ್ತು. ಪುರಸಭೆಗಳು ಸೈಕಲ್‌ಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ಸವಾರಿ ಮಾಡಿದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಈಗ ಅಂಥ ಮರ್ಯಾದೆಯೂ ಇಲ್ಲ, ಕಿರಿಕಿರಿಯೂ ಇಲ್ಲ. ಸೈಕಲ್ ಸವಾರ ಕಣ್ಣಿಗೇ ಬೀಳುವುದಿಲ್ಲ.

ಕಣ್ಣಿಗೆ ಬೀಳದಿದ್ದರೂ ಅವನು ಇದ್ದಾನೆ. 2011ರ ಜನಗಣತಿಯಲ್ಲಿ ದುಡಿಮೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿದಾಗ, ಕೃಷಿ ಮತ್ತು ಗೃಹ ಉದ್ದಿಮೆಗಳ ಹೊರಗೆ ದುಡಿಯುವ ಭಾರತೀಯರಲ್ಲಿ ಸುಮಾರು ಶೇ 13ರಷ್ಟು ಮಂದಿ ಸೈಕಲ್ ಎಂದರು. ಬೈಕು, ಮೊಪೆಡ್ ಎಂದವರೂ ಹೆಚ್ಚುಕಡಿಮೆ ಅಷ್ಟೇ. ನಡೆದು ಹೋಗುವವರು ಇವೆರಡರಲ್ಲಿ ಯಾವುದಕ್ಕಿಂತಲೂ ಹೆಚ್ಚು. ರಸ್ತೆಯ ನಕ್ಷೆ ಬರೆಯುವಾಗ ಈ ಕ್ರಮ ತಲೆಕೆಳಗಾಗುತ್ತದೆ: ಕಾರಿಗೆ ಮೊದಲ ಪಂಕ್ತಿ, ಕಾಲಿಗೆ ಉಳಿದದ್ದು.

ಕರ್ನಾಟಕದಲ್ಲಿ ಸೈಕಲ್‌ಗೆ ಎರಡನೇ ಜನ್ಮ ಕೊಟ್ಟದ್ದು ಶಾಲೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು, ಮೊದಲು ಹೆಣ್ಣುಮಕ್ಕಳಿಗೆ, ಬಳಿಕ ಗಂಡುಮಕ್ಕಳಿಗೂ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಏಳನೇ ಇಯತ್ತೆ ಮುಗಿದೊಡನೆ ಹುಡುಗಿಯ ಓದು ನಿಲ್ಲಿಸಲು ಮನೆಯವರು ಹೇಳುತ್ತಿದ್ದ ದೊಡ್ಡ ಕಾರಣ ಹೈಸ್ಕೂಲು ದೂರ ಎಂಬುದು. ಆ ಕಾರಣವನ್ನು ಸೈಕಲ್ ಕಿತ್ತುಹಾಕಿತು. ಬಿಹಾರದಲ್ಲೂ 2006ರಲ್ಲೇ ಇಂಥ ಯೋಜನೆ ಬಂತು. ಅದನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು ಎಂದು 2017ರಲ್ಲಿ ಬರೆದರು. ನಮ್ಮಲ್ಲಿ ಸೈಕಲ್ ಹಂಚಿಕೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು.

ಸೈಕಲ್ ಕೊಟ್ಟ ಸರ್ಕಾರ ಅದು ಓಡಲು ದಾರಿ ಮಾಡಲಿಲ್ಲ ಎಂಬುದನ್ನು ನಮ್ಮ ತಾಲ್ಲೂಕುಗಳ ಯಾವ ರಸ್ತೆಯಲ್ಲಿ ನಿಂತರೂ ಕಾಣಬಹುದು. ಡಾಂಬರಿನ ಅಂಚು ಕಡಿದು ಬಿದ್ದಿರುತ್ತದೆ. ರಸ್ತೆಗೂ ಪಕ್ಕದ ಮಣ್ಣಿಗೂ ಒಂದು ಗೇಣು ಇಳಿತ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದರೆ ಚೀಲ ಬೆನ್ನಿಗೇರಿಸಿದ ಹುಡುಗಿ ಹ್ಯಾಂಡಲ್ ಗಟ್ಟಿ ಹಿಡಿದು ಆ ಇಳಿತಕ್ಕೆ ಸೈಕಲ್ ಇಳಿಸಬೇಕು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬುತ್ತದೆ. ಆಮೇಲೆ ಸೈಕಲನ್ನು ತುಳಿಯುವುದಲ್ಲ, ಎಳೆದುಕೊಂಡು ಹೋಗುವುದು. ಊರೊಳಗೆ ಇನ್ನೊಂದು ಸಂಕಟ: ಚರಂಡಿಯ ಮೇಲಿನ ಕಬ್ಬಿಣದ ಜಾಲರಿ. ಸರಳುಗಳನ್ನು ರಸ್ತೆಯ ಉದ್ದಕ್ಕೆ ಜೋಡಿಸಿದ್ದರೆ ಸೈಕಲ್ಲಿನ ಸಪೂರ ಟೈರು ನೇರ ಸಂದಿಗೆ ಇಳಿದು ಸವಾರ ಮುಗ್ಗರಿಸುತ್ತಾನೆ. ಅದೇ ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಅಪಾಯವಿಲ್ಲ. ಖರ್ಚು ಎರಡಕ್ಕೂ ಒಂದೇ. ಎಂಜಿನಿಯರ್ ಒಮ್ಮೆಯಾದರೂ ಆ ರಸ್ತೆಯಲ್ಲಿ ಸೈಕಲ್ ತುಳಿದಿದ್ದರೆ ಈ ಮಾತು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಬಣ್ಣ ಬಳಿದ ಪಥ ಉಳಿಯುವುದಿಲ್ಲ

ಸೈಕಲ್ ಪಥ ನಮ್ಮ ದೇಶಕ್ಕೆ ಹೊಸ ವಿಚಾರವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1962ರಷ್ಟು ಹಿಂದೆಯೇ ಅದಕ್ಕೆ ಮಾರ್ಗಸೂಚಿ ಬರೆದಿಟ್ಟಿದೆ. ತಾಸಿಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡುವ ರಸ್ತೆಯಲ್ಲಿ 100 ಸೈಕಲ್ ಹೋಗುತ್ತಿದ್ದರೂ ಸಾಕು, ಬೇರೆ ಪಥ ಮಾಡುವುದು ಸರಿ. ಅದರ ಅಗಲ ಎರಡು ಮೀಟರಿಗೆ ಕಡಿಮೆ ಇರಬಾರದು ಎಂದು ಅದರಲ್ಲಿದೆ. ಸಂಜೆ ಹೊತ್ತು ಬೀದರ್‌ನ ಯಾವ ಮುಖ್ಯರಸ್ತೆ ಈ 200ರ ಗೆರೆ ದಾಟುವುದಿಲ್ಲ? 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂದಿತು. ಕಾಗದದಲ್ಲಿ ನಮಗೆ ಕೊರತೆ ಇರಲಿಲ್ಲ.

ಬೆಂಗಳೂರು ಪ್ರಯೋಗ ಮಾಡಿ ನೋಡಿತು. ಜಯನಗರದಲ್ಲಿ ಗುರುತು ಹಾಕಿದ ಸೈಕಲ್ ಪಥಗಳು ಕಾರು ನಿಲ್ಲಿಸುವ ತಾಣಗಳಾದವು. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಮುಂದಾಳತ್ವದಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ದಿಕ್ಕಿಗೆ, ಸುಮಾರು 17 ಕಿಲೋಮೀಟರ್ ತಾತ್ಕಾಲಿಕ ಪಥ ಬಂತು. ಗೆರೆ ಎಳೆದು ಕಂಬ ನೆಟ್ಟರು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಮೆಟ್ರೊ ಕಾಮಗಾರಿ ಬಂದಾಗ ಪಥವೂ ಹೋಯಿತು. ದೆಹಲಿಯಲ್ಲಿ 2008ರಲ್ಲಿ ಬಸ್ಸಿಗೂ ಸೈಕಲ್‌ಗೂ ಬೇರೆ ಪಥ ಮಾಡಿದ ರಸ್ತೆಯ ಮೇಲೆ ಕಾರಿನವರ ಸಿಟ್ಟು ಎಷ್ಟಿತ್ತೆಂದರೆ 2016ರಲ್ಲಿ ಅದನ್ನು ಕಿತ್ತೇಹಾಕಿದರು.

ಮೈಸೂರಿನ ಕತೆ ಸ್ವಲ್ಪ ಬೇರೆ. 2017ರ ಜೂನ್‌ನಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಬಂತು: 450 ಸೈಕಲ್, ಅವನ್ನು ಎತ್ತಿಕೊಳ್ಳಲು, ಬಿಡಲು ಊರ ತುಂಬ ನಿಲ್ದಾಣಗಳು. ಊರು ಸಮತಟ್ಟಾಗಿದ್ದು ದೂರ ಕಡಿಮೆ ಇದ್ದರೆ ಜನ ಸೈಕಲ್ ಮುಟ್ಟುತ್ತಾರೆ ಎಂಬುದನ್ನು ಅದು ತೋರಿಸಿತು. ಬೆಂಗಳೂರಿಗಿಂತ ಮೈಸೂರಿಗೆ ಅನುಕೂಲವಾಗಿದ್ದು ಊರಿನ ಗಾತ್ರ.

ಸೋತ ಪಥಗಳಲ್ಲೆಲ್ಲ ಒಂದು ಸಾಮಾನ್ಯ ದೋಷ ಕಾಣುತ್ತದೆ. ಅಂಚಿನಲ್ಲಿ ಮೊದಲೇ ಇದ್ದ ನಿಲುಗಡೆ, ಬಂಡಿ, ಕಂಬ, ಚರಂಡಿಗಳ ಜಗಳ ಬಿಡಿಸದೆ ಅದರ ಮೇಲೆಯೇ ಬಣ್ಣ ಬಳಿದರು. ಬಿದರಿ ಕುಸುರಿಯವರನ್ನು ಕೇಳಿದರೆ ಗೊತ್ತಾಗುತ್ತದೆ: ಬೆಳ್ಳಿ ಎಳೆಯನ್ನು ಮೇಲೆ ಅಂಟಿಸಿದರೆ ನಾಳೆ ಕಿತ್ತುಬರುತ್ತದೆ, ಮೊದಲು ಉಳಿಯಿಂದ ಕೊರೆದು ಅದಕ್ಕೊಂದು ಜಾಡು ಮಾಡಬೇಕು. ರಸ್ತೆಯಲ್ಲಿ ಆ ಜಾಡೆಂದರೆ ಆರಿಂಚು ಎತ್ತರದ ಕಲ್ಲಂಚು, ಬೈಕು ತೂರದಂಥ ಕಂಬಗಳ ಅಂತರ, ಅಡ್ಡರಸ್ತೆ ಕೂಡುವಲ್ಲಿ ಕೊನೆಯಾಗದ ಸಾಲು.

ಜಂಗುಳಿ ನಿಜಕ್ಕೂ ಇಳಿಯುತ್ತದೆಯೇ?

ಇಲ್ಲಿ ಸೈಕಲ್ ಪ್ರೇಮಿಗಳು ಸ್ವಲ್ಪ ಮಾತು ಹಿಡಿಯಬೇಕು. ಪಥ ಬಂದ ಮಾತ್ರಕ್ಕೆ ಕಾರುಗಳ ಸಾಲು ಕರಗುವುದಿಲ್ಲ. ರಸ್ತೆಯಲ್ಲಿ ಖಾಲಿ ಜಾಗ ಕಂಡರೆ ಹೊಸ ವಾಹನ ಬಂದು ತುಂಬುತ್ತದೆ. ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ಹಿಡಿದು 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿ ಎಷ್ಟು ಉದ್ದ ಬೆಳೆಯಿತೋ ವಾಹನದ ಓಡಾಟವೂ ಅಷ್ಟೇ ಪ್ರಮಾಣದಲ್ಲಿ ಬೆಳೆಯಿತು. ಈ ನಿಯಮ ಸೈಕಲ್ ಪಥಕ್ಕೆ ಅಡ್ಡಿಯಾದರೆ ಫ್ಲೈಓವರಿಗೆ, ರಸ್ತೆ ಅಗಲೀಕರಣಕ್ಕೆ ಹತ್ತು ಪಟ್ಟು ಅಡ್ಡಿ. ಫ್ಲೈಓವರ್ ಕಟ್ಟುತ್ತಲೇ ಬಂದ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಕ್ರಮಿಸಲು ಸುಮಾರು ಅರ್ಧ ತಾಸು ಬೇಕೆಂದು ಟಾಮ್‌ಟಾಮ್ ಸಂಸ್ಥೆಯ ವಾರ್ಷಿಕ ಸೂಚ್ಯಂಕ ಮತ್ತೆ ಮತ್ತೆ ಹೇಳುತ್ತಿದೆ. ಅಂದರೆ ಲಕ್ಷಾಂತರ ರೂಪಾಯಿಯ ಕಾರು ತಾಸಿಗೆ 20 ಕಿಲೋಮೀಟರ್ ಓಡುತ್ತದೆ. ಅವಸರವಿಲ್ಲದೆ ತುಳಿದ ಸೈಕಲ್ 15 ಓಡುತ್ತದೆ.

ಪಥದಿಂದ ಆಗುವ ಲಾಭ ಬೇರೆ ಥರದ್ದು. ಅದೇ ಜಾಗದಲ್ಲಿ ಹೆಚ್ಚು ಜನ ದಾಟುತ್ತಾರೆ. ಮೂರು ಮೀಟರ್ ಅಗಲದ ಒಂದು ಪಥದಲ್ಲಿ ಕಾರು ಮುಂತಾದ ಮಿಶ್ರ ಸಂಚಾರ ತಾಸಿಗೆ 600ರಿಂದ 1,600 ಜನರನ್ನು ದಾಟಿಸಿದರೆ, ಸೈಕಲ್‌ಗೇ ಮೀಸಲಿಟ್ಟರೆ 7,000ದ ಆಸುಪಾಸು ಜನ ದಾಟಬಹುದು ಎಂಬುದು ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘದ ಅಂದಾಜು. ಕಾರಿನ ಸಾಲು ಹಾಗೇ ಇರಬಹುದು, ಆದರೆ ಆ ಸಾಲಿನಲ್ಲಿ ಸಿಕ್ಕಿಬೀಳುವುದು ಎಲ್ಲರಿಗೂ ಕಡ್ಡಾಯವಾಗುವುದಿಲ್ಲ.

ಸ್ಪೇನಿನ ಸೆವಿಲ್ ನಗರಕ್ಕೂ ಬೀದರ್‌ಗೂ ಎರಡು ಹೋಲಿಕೆಗಳಿವೆ: ಸುಡುವ ಬೇಸಿಗೆ, ಇಕ್ಕಟ್ಟಾದ ಹಳೆಯ ಪೇಟೆ. 2006ರ ನಂತರದ ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಸೈಕಲ್ ಪಥವನ್ನು ಒಂದಕ್ಕೊಂದು ಕೂಡುವ ಜಾಲವಾಗಿ ಕಟ್ಟಿದರು. ಸೈಕಲ್ ಓಡಾಟ ಹಲವು ಪಟ್ಟು ಏರಿತು. ಅದಕ್ಕಾಗಿ ರಸ್ತೆಬದಿಯ ಸುಮಾರು 5,000 ಕಾರುಗಳ ನಿಲುಗಡೆ ಜಾಗವನ್ನು ತೆಗೆದರು. ಸೈಕಲ್‌ಗೆ ಹೆಸರಾದ ನೆದರ್ಲೆಂಡ್ಸ್ ಕೂಡ ಹುಟ್ಟಿದಾಗಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಜನ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಗಳು ಬೀದಿಗಿಳಿದ ಮೇಲೆ, 1973ರ ತೈಲ ಬಿಕ್ಕಟ್ಟು ಕಿಸೆಗೆ ತಟ್ಟಿದ ಮೇಲೆ ರಸ್ತೆಗಳು ಬದಲಾದವು. ನಮ್ಮಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತದಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 32,000ಕ್ಕೂ ಮಿಕ್ಕು ಮಂದಿ ಪಾದಚಾರಿಗಳು. ಬೀದಿಗಿಳಿಯಲು ನಮಗೆ ಕಾರಣ ಕಡಿಮೆಯೇನಿಲ್ಲ.

ಚಿದ್ರಿಯಲ್ಲಿ ಇನ್ನೂ ಸಮಯವಿದೆ

ಬೀದರ್ ಕೈಯಲ್ಲಿ ಬೆಂಗಳೂರು ಕಳೆದುಕೊಂಡ ಮೂರು ಆಸ್ತಿಗಳಿವೆ. ಮೊದಲನೆಯದು ದೂರ. ನೌಬಾದ್, ಮೈಲೂರು, ಗುಂಪಾ, ಚಿದ್ರಿ, ಎಲ್ಲಿಂದ ಹೊರಟರೂ ಊರ ನಡುವಿಗೆ ಸೈಕಲ್ ಮೇಲೆ ಅರ್ಧ ತಾಸಿನೊಳಗೆ ಬರಬಹುದು. ಎರಡನೆಯದು ನೆಲ. ಊರು ಕೂತಿರುವುದು ಪ್ರಸ್ಥಭೂಮಿಯ ನೆತ್ತಿಯ ಮೇಲೆ. ಒಳರಸ್ತೆಗಳಲ್ಲಿ ಎದೆ ಬಿರಿಯುವ ಏರು ಹೆಚ್ಚಿಲ್ಲ. ಮೂರನೆಯದು ಸವಾರರು. ಎಂಜಿನಿಯರಿಂಗ್, ಮೆಡಿಕಲ್, ಪಶುವೈದ್ಯಕೀಯ ಕಾಲೇಜುಗಳು, ನೀಟ್ ತರಬೇತಿಗೆಂದು ಬೇರೆ ರಾಜ್ಯಗಳಿಂದಲೂ ಬಂದು ಹಾಸ್ಟೆಲ್ ಹಿಡಿದಿರುವ ಮಕ್ಕಳು. ಲೈಸೆನ್ಸ್ ವಯಸ್ಸಾಗದ, ಗಾಡಿ ಇಲ್ಲದ, ದಿನಾ ಎರಡು–ಮೂರು ಕಿಲೋಮೀಟರ್ ಓಡಾಡುವ ಜನ ಇವರು. ಸೈಕಲ್ ಪಥಕ್ಕೆ ಇವರಿಗಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಕ್ಕಾರು?

ಚಿದ್ರಿಯ ಹೆಸರು ವಿಶೇಷವಾಗಿ ಹೇಳಲು ಕಾರಣವಿದೆ. ಊರು ಹಿಗ್ಗುತ್ತಿರುವ ಅಂಚು ಅದು. ಬೀದರ್‌ನ ವಾಯುಪಡೆ ನೆಲೆಯಿಂದ 2020ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನ ಹಾರಾಟ ಶುರುವಾದ ಮೇಲೆ ಆ ಕಡೆಯ ನೆಲಕ್ಕೆ ಬೆಲೆ ಬಂತು, ಲೇಔಟ್‌ಗಳು ಎದ್ದವು. ಅಂಗಡಿಗಳು ರಸ್ತೆಗೆ ಮೆಟ್ಟಿಲಿಳಿಸಿ, ಆ ಮೆಟ್ಟಿಲ ಮುಂದೆ ಗಾಡಿ ನಿಂತು, ಗಾಡಿಯಾಚೆ ಬಂಡಿ ನಿಂತು, ಚೌಬಾರಾದ ಕತೆ ಅಲ್ಲೂ ಶುರುವಾಗುವುದಕ್ಕೆ ಮೊದಲೇ ಅಂಚನ್ನು ಹಂಚಿಬಿಡಬೇಕು. ಒಮ್ಮೆ ಅಂಚು ಒಬ್ಬರ ಹೊಟ್ಟೆಪಾಡಾದ ಮೇಲೆ ಅದನ್ನು ಬಿಡಿಸುವುದು ಕಷ್ಟ, ಬಡವರ ಬಂಡಿಯನ್ನಷ್ಟೇ ಎತ್ತಿಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ ಕೂಡ.

ಲೆಕ್ಕ ಕಷ್ಟದ್ದಲ್ಲ. 18 ಮೀಟರ್ ಅಗಲದ ಲೇಔಟ್ ರಸ್ತೆ ತೆಗೆದುಕೊಳ್ಳಿ. ನಡುವೆ ಬಸ್ಸು, ಕಾರು, ಗಾಡಿಗೆ 7 ಮೀಟರ್. ಅದರ ಎರಡೂ ಪಕ್ಕ ತಲಾ ಒಂದೂವರೆ ಮೀಟರಿನ ಪಟ್ಟಿ. ಅದರಲ್ಲಿ ಬೇವು, ಹೊಂಗೆ, ಲೈಟು ಕಂಬ, ಗಾಡಿ ನಿಲುಗಡೆ, ಬಂಡಿಗಳಿಗೆ ಗುರುತು ಹಾಕಿದ ಜಾಗ ಎಲ್ಲವೂ. ಅದರಾಚೆ ತಲಾ 2 ಮೀಟರ್ ಸೈಕಲ್‌ಗೆ, ತಲಾ 2 ಮೀಟರ್ ಕಾಲಿಗೆ. ಕೂಡಿದರೆ ಸರಿಯಾಗಿ 18. ಮರದ ಪಟ್ಟಿ ನಡುವೆ ಬಂದದ್ದರಿಂದ ಸೈಕಲ್‌ಗೆ ನೆರಳೂ ಆಯಿತು, ವಾಹನದಿಂದ ರಕ್ಷಣೆಯೂ ಆಯಿತು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್–ಮೇನಲ್ಲಿ ನೆರಳಿಲ್ಲದ ಪಥ ಇದ್ದೂ ಇಲ್ಲದಂತೆ.

ಭಾಲ್ಕಿಗೂ ಔರಾದ್‌ಗೂ ಇದೇ ನಕ್ಷೆ ಹೊರಿಸುವುದು ಬೇಡ. ಭಾಲ್ಕಿಗೆ ರೈಲಿದೆ, ನಿಲ್ದಾಣದಲ್ಲಿ ಬೀಗ ಹಾಕಿ ಸೈಕಲ್ ಬಿಡಲು ಒಂದು ಮಾಡು, ಅಲ್ಲಿಂದ ಪೇಟೆಗೆ ಒಂದು ನೆಟ್ಟಗಿನ ದಾರಿ ಸಿಕ್ಕರೆ ಅರ್ಧ ಕೆಲಸವಾದಂತೆ. ಔರಾದ್‌ಗೆ ರೈಲಿಲ್ಲ, ಪಟ್ಟಣವೂ ಚಿಕ್ಕದು. ಅಲ್ಲಿ ಬೇಕಾದದ್ದು ಸುತ್ತಲ ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ರಸ್ತೆಗಳಿಗೆ ಎರಡೂ ಕಡೆ ಒಂದೂವರೆ ಮೀಟರ್ ಗಟ್ಟಿ ಅಂಚು, ಡಾಂಬರಿನ ಮಟ್ಟಕ್ಕೇ. ಎರೆಮಣ್ಣಿನ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸೈಕಲ್ ಪಥ ಬೇಕಿಲ್ಲ. ಅದು ಎತ್ತಿನ ಬಂಡಿಗೂ ನಡೆಯುವವರಿಗೂ ಒದಗುತ್ತದೆ.

ದುಡ್ಡೆಲ್ಲಿ ಎಂದು ಕೇಳುವುದು ನಮ್ಮ ಭಾಗದಲ್ಲಿ ಅಷ್ಟು ಒಪ್ಪುವ ಮಾತಲ್ಲ. ಸಂವಿಧಾನದ 371 (ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ರಸ್ತೆ ಕೆಲಸಗಳು ನಡೆಯುತ್ತಲೇ ಇವೆ. ಪ್ರತ್ಯೇಕವಾಗಿ ಸೈಕಲ್ ಯೋಜನೆ ಎಂದು ಹೆಸರಿಟ್ಟು ಉದ್ಘಾಟನೆ ಮಾಡುವ ಅಗತ್ಯವೂ ಇಲ್ಲ. ಹೇಗೂ ಆಗಲಿರುವ ರಸ್ತೆಯ ನಕ್ಷೆಯಲ್ಲಿ ಅಂಚನ್ನು ಸರಿಯಾಗಿ ಬರೆದರೆ ಸಾಕು. ಟೆಂಡರ್ ಆದ ಮೇಲೆ ಕಾಂಟ್ರಾಕ್ಟರ್ ಕಾಗದದಲ್ಲಿದ್ದಷ್ಟನ್ನೇ ಮಾಡುತ್ತಾನೆ. ಆದ್ದರಿಂದ ವಾರ್ಡಿನ ಜನ ಕೇಳಬೇಕಾದ ಪ್ರಶ್ನೆ ರಸ್ತೆ ಯಾವಾಗ ಮಾಡುತ್ತೀರಿ ಎಂಬುದೊಂದೇ ಅಲ್ಲ. ಅಂದಾಜುಪಟ್ಟಿಗೆ ಸಹಿ ಬೀಳುವ ಮೊದಲು ಅಡ್ಡಸೀಳಿಕೆಯ ನಕ್ಷೆ ತೋರಿಸಿ, ಇದರಲ್ಲಿ ಕಾರು ನಿಲ್ಲಲು ಎಷ್ಟು ಮೀಟರ್, ಎಂಟನೇ ತರಗತಿಯ ಹುಡುಗಿ ಸೈಕಲ್ ತುಳಿಯಲು ಎಷ್ಟು ಮೀಟರ್ ಎಂದು ಕೇಳಬೇಕು. ಎರಡನೆಯದಕ್ಕೆ ಉತ್ತರ ಸೊನ್ನೆಯಾಗಿದ್ದರೆ ನಕ್ಷೆ ವಾಪಸ್ ಕಳಿಸಬೇಕು.